ನ್ಯೂಟ್ರಿನೊ ಕಾರ್ಯಾಗಾರ: ಮೊದಲು ಹೋಲಿಕೆಯ ಲೆಕ್ಕ ಸರಿಮಾಡಿಕೊಳ್ಳಿ

ನ್ಯೂಟ್ರಿನೊ ಎಂಬ ಅತಿ ಹಗುರ, ವಿದ್ಯುದಾವೇಶವಿಲ್ಲದ ಕಣ ಪರಮಾಣು ಬೀಜಕ್ಕೆ ಬಡಿದಾಗ ಏನಾಗುತ್ತದೆ ಎಂಬುದನ್ನೇ ಚರ್ಚಿಸುವ ನ್ಯೂಇಂಟ್ ಕಾರ್ಯಾಗಾರ ಸರಣಿ 2001ರಲ್ಲಿ ಜಪಾನಿನ ಕೆಇಕೆ ಕಣವೇಗವರ್ಧಕ ಪ್ರಯೋಗಾಲಯದಲ್ಲಿ ಶುರುವಾಯಿತು. 2011ರಲ್ಲಿ ಡೆಹ್ರಾಡೂನ್‌ಗೂ ಬಂದಿತ್ತು. ಅಂಥದ್ದನ್ನು ನಡೆಸುವುದಾದರೆ ಒಂದು ವರ್ಷ ಮೊದಲೇ ದಿನಾಂಕ ಗೊತ್ತುಮಾಡಿ. ವೀಸಾಕ್ಕೆ ಬೇಕಾದ ಆಹ್ವಾನ ಪತ್ರಗಳನ್ನು ನಾಲ್ಕು ತಿಂಗಳು ಮುಂಚೆ ಕಳಿಸಿ, ಇಲ್ಲವಾದರೆ ವಿದ್ಯಾರ್ಥಿಗಳೇ ಬರಲಾಗದೆ ಉಳಿಯುತ್ತಾರೆ.

ನಿಜವಾದ ಕೆಲಸ ಇರುವುದು ಇಂಥ ಬಡಿತಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಜೀನಿ, ನ್ಯೂಟ್, ನ್ಯೂವ್ರೋ, ಗಿಬೂ ಸಿಮ್ಯುಲೇಷನ್‌ಗಳ ಹೋಲಿಕೆಯಲ್ಲಿ. ಮೂರು ತಿಂಗಳು ಮೊದಲೇ ಎಲ್ಲ ತಂಡಗಳಿಗೂ ಒಂದೇ ಫ್ಲಕ್ಸ್ ಫೈಲ್ (ಯಾವ ಶಕ್ತಿಯ ನ್ಯೂಟ್ರಿನೊ ಎಷ್ಟು ಎಂಬ ಪಟ್ಟಿ), ಒಂದೇ ಗುರಿ ವಸ್ತು, ಗ್ರಾಫಿನ ಒಂದೇ ಬಿನ್ ಅಂಚುಗಳನ್ನು (ವಿಭಾಗಗಳ ಗಡಿ) ಕೊಡಿ. ಸಿಗ್ನಲ್ ಅಂದರೆ, ಲೆಕ್ಕಕ್ಕೆ ಸೇರಿಸಬೇಕಾದ ಘಟನೆ, ಯಾವುದು ಎಂದು ಬರೆದೇ ತಿಳಿಸಿ: 'ಮ್ಯೂಆನ್ ಇರಬೇಕು, ಪಯಾನ್ ಹೊರಬಂದಿರಬಾರದು' ಎಂಬಂತೆ, ಡಿಟೆಕ್ಟರ್‌ಗೆ ಕಾಣುವ ಕಣಗಳ ಮೇಲೆ (ಮ್ಯೂಆನ್, ಪಯಾನ್ ಎರಡೂ ಬಡಿತದಲ್ಲಿ ಹುಟ್ಟುವ ಕಣಗಳು). 'ಕ್ವಾಸಿ-ಇಲಾಸ್ಟಿಕ್' (ನ್ಯೂಟ್ರಿನೊ ಒಂದೇ ನ್ಯೂಕ್ಲಿಯಾನ್‌ಗೆ, ಅಂದರೆ ಪ್ರೋಟಾನ್ ಅಥವಾ ನ್ಯೂಟ್ರಾನ್‌ಗೆ, ಬಡಿದ ಘಟನೆ) ಎಂದಷ್ಟೇ ಬರೆದರೆ ಎಡವಟ್ಟು. ಬೀಜದೊಳಗೇ ಹೀರಿಹೋದ ಪಯಾನ್‌ನ ಘಟನೆಗಳನ್ನು, ಎರಡು ನ್ಯೂಕ್ಲಿಯಾನ್ ಸಿಡಿದ ಘಟನೆಗಳನ್ನು ಒಬ್ಬರು ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಅಮೆರಿಕದ ಮಿನಿಬೂನ್ ನ್ಯೂಟ್ರಿನೊ ಪ್ರಯೋಗದ ಅಳತೆಯಲ್ಲಿ ಆಕ್ಸಿಯಲ್ ಮಾಸ್ (ಇಂಥ ಬಡಿತದ ಲೆಕ್ಕದಲ್ಲಿ ಬರುವ ಒಂದು ಅಂಕಿ) ಸುಮಾರು 1.35 ಜಿಇವಿ ಬಂದು ವರ್ಷಗಟ್ಟಲೆ ತಲೆಕೆಡಿಸಿದ್ದು ಬಹುಮಟ್ಟಿಗೆ ಇದರಿಂದಲೇ; ಹಳೆಯ ಡ್ಯೂಟೀರಿಯಂ ಪ್ರಯೋಗಗಳ ಬೆಲೆ 1ರ ಆಸುಪಾಸಿನದು.

ಗ್ರಾಫಿನ ಲಂಬ ಅಕ್ಷವನ್ನೂ ನೋಡಿ: ಬಡಿತದ ಸಂಭವನೀಯತೆ ಪ್ರತಿ ನ್ಯೂಕ್ಲಿಯಾನ್‌ಗೋ, ಪ್ರತಿ ಬೀಜಕ್ಕೋ? ಬೀಜದಲ್ಲಿ 40 ನ್ಯೂಕ್ಲಿಯಾನ್ ಇರುವ ಆರ್ಗಾನ್‌ನಲ್ಲಿ ಇದು ತಪ್ಪಿದರೆ ವ್ಯತ್ಯಾಸ 40 ಪಟ್ಟು.

ಪ್ರತಿ 20 ನಿಮಿಷದ ಭಾಷಣಕ್ಕೆ 10 ನಿಮಿಷ ಪ್ರಶ್ನೆಗೆ ಮೀಸಲಿಡಿ. ಸಮಯ ಮೀರಿದಾಗ ಕತ್ತರಿ ಬೀಳಬೇಕಾದ್ದು ಭಾಷಣಕ್ಕೆ, ಚರ್ಚೆಗಲ್ಲ.