ಐದನೇ ಮೂರು: ಭಿನ್ನರಾಶಿ ಪಾಠವನ್ನು ಹೊಸದಾಗಿ ಜೋಡಿಸುವ ಕ್ರಮ

‘ಐದನೇ ಮೂರು’ ಬರೆಯಿರಿ ಎಂದು ಐದನೇ ತರಗತಿಗೆ ಹೇಳಿ ನೋಡಿ. ಕೆಲವರ ಪುಸ್ತಕದಲ್ಲಿ 3/5 ಇರುತ್ತದೆ, ಕೆಲವರದರಲ್ಲಿ 5/3. ಕನ್ನಡದಲ್ಲಿ ಛೇದವನ್ನು ಮೊದಲು ಹೇಳುತ್ತೇವೆ, ಬರೆಯುವಾಗ ಅಂಶವನ್ನು ಮೊದಲು ಬರೆಯುತ್ತೇವೆ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆದ ಮಗುವಿನದು ದಡ್ಡತನವಲ್ಲ. ಇದನ್ನು ತಪ್ಪಿಸಲು ಹೆಚ್ಚಿನ ತರಗತಿಗಳಲ್ಲಿ ‘ಮೂರು ಬೈ ಐದು’ ಎಂದು ಓದಿಸುತ್ತಾರೆ. ಬರಹ ಸರಿಹೋಗುತ್ತದೆ, ಅರ್ಥ ಹೋಗುತ್ತದೆ. ‘ಬೈ’ ಎಂದರೆ ಮಗುವಿಗೆ ನಡುವಿನ ಗೆರೆ, ಅಷ್ಟೆ. ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ ಎಂದುಕೊಂಡ ಮಗು 1/2 + 1/3 ಕ್ಕೆ ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡಿ 2/5 ಎನ್ನುವುದು ಸಹಜವೇ.

ಈ ಬರಹ 4ರಿಂದ 6ನೇ ತರಗತಿಗೆ ಗಣಿತ ಹೇಳುವವರಿಗೆ. ಪಠ್ಯಪುಸ್ತಕ ಬದಲಿಸಬೇಕಿಲ್ಲ, ಅದರೊಳಗಿನ ಕ್ರಮ ಬದಲಿಸಿದರೆ ಸಾಕು. 40 ನಿಮಿಷದ 20 ಅವಧಿ ಬೇಕಾಗುತ್ತದೆ. ಎಂಟು ಅವಧಿಯಲ್ಲಿ ಮುಗಿಸಿ, ಆಮೇಲೆ ದಶಮಾಂಶ, ಶೇಕಡಾ, ಬೀಜಗಣಿತ ಎಲ್ಲದರಲ್ಲೂ ಮತ್ತೆ ಭಿನ್ನರಾಶಿಯನ್ನೇ ಹೇಳಿಕೊಡುವುದಕ್ಕಿಂತ ಇದು ಅಗ್ಗ.

ಮೊದಲು ಮಾತು

3/5 ನ್ನು ‘ಐದನೇ ಒಂದರಂತೆ ಮೂರು’ ಎಂದು ಓದಿಸಿ. ಮೊದಲ ವಾರ ಸ್ವಲ್ಪ ಉದ್ದವೆನಿಸಿದರೂ ಬಿಡಬೇಡಿ. ‘ಐದನೇ ಒಂದು’ ಎಂಬುದು ಒಂದು ತುಂಡಿನ ಹೆಸರು. ಅಂಥವು ಮೂರು ಇವೆ. ಕೆಳಗಿನದು ಹೆಸರು, ಮೇಲಿನದು ಎಣಿಕೆ. ಎರಡು ಬಾಳೆಹಣ್ಣಿಗೆ ಮೂರು ಬಾಳೆಹಣ್ಣು ಸೇರಿದರೆ ಐದು ಬಾಳೆಹಣ್ಣು. ಎರಡು ‘ಏಳನೇ ಒಂದು’ಗಳಿಗೆ ಮೂರು ಸೇರಿದರೆ ಐದು ‘ಏಳನೇ ಒಂದು’ಗಳು. ಹೆಸರನ್ನು ಯಾರೂ ಕೂಡುವುದಿಲ್ಲ; 2/7 + 3/7 = 5/14 ಎನ್ನುವ ತಪ್ಪಿಗೆ ಇಲ್ಲಿ ಜಾಗವೇ ಸಿಗದು.

ಮನೆಮಾತಿನಲ್ಲಿ ಇದು ಆಗಲೇ ಇದೆ. ಮುಕ್ಕಾಲು ಎಂದರೆ ಮೂರು ಕಾಲು. ಕಾಲು ಎಂಬ ತುಂಡು ಮೂರು ಸಲ. ಹಸುವಿನ ನಾಲ್ಕು ಕಾಲಿನಲ್ಲಿ ಒಂದು ಎಂದು ತಮಾಷೆ ಮಾಡಿದರೂ ತಪ್ಪಿಲ್ಲ: ಸಂಸ್ಕೃತದ ‘ಪಾದ’ಕ್ಕೂ ಕಾಲು ಮತ್ತು ನಾಲ್ಕನೇ ಒಂದು ಎಂಬ ಎರಡೂ ಅರ್ಥವಿದೆ. ಆದರೆ ಒಂದು ಕಡೆ ಎಚ್ಚರ. ‘ಐದು ಕಾಲು’ ಎಂದರೆ 5/4, ‘ಐದೂಕಾಲು’ ಎಂದರೆ 5 1/4. ಉಕಾರದ ಉದ್ದದಲ್ಲಿ ನಾಲ್ಕು ಪೂರ್ಣ ಕಳೆದುಹೋಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಜೋರಾಗಿ ಓದಿಸಿ. ಐದೂಕಾಲು ಗಂಟೆ ಎಂದರೆ ಎಲ್ಲರಿಗೂ ಗೊತ್ತು.

‘ಐದರಲ್ಲಿ ಮೂರು’ ಎಂಬ ಓದೂ ಬಳಕೆಯಲ್ಲಿದೆ. ಒಂದಕ್ಕಿಂತ ಚಿಕ್ಕ ಭಿನ್ನರಾಶಿಗೆ ಅದು ನಡೆಯುತ್ತದೆ. 5/4 ಬಂದ ದಿನ ‘ನಾಲ್ಕರಲ್ಲಿ ಐದು ತೆಗೆಯೋದು ಹೇಗೆ ಮಿಸ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ವಿಷಮ ಭಿನ್ನರಾಶಿ ಕಷ್ಟವೆನಿಸುವುದು ಬಹುಪಾಲು ಈ ಓದಿನಿಂದ.

ಪಾಠಕ್ಕೆ ಮೊದಲು ಐದು ಪ್ರಶ್ನೆ

ಇಪ್ಪತ್ತು ನಿಮಿಷ, ಅಂಕ ಬೇಡ.

1. ‘ನಾಲ್ಕನೇ ಮೂರು’ ಅಂಕಿಯಲ್ಲಿ ಬರೆಯಿರಿ.
2. 1/3, 1/4: ಯಾವುದು ದೊಡ್ಡದು?
3. ಒಂದು ಆಯತವನ್ನು ಅಸಮವಾಗಿ ಮೂರು ತುಂಡು ಮಾಡಿ ಒಂದಕ್ಕೆ ಬಣ್ಣ ಹಚ್ಚಿದೆ. ಇದು 1/3 ಹೌದೇ?
4. 0ಯಿಂದ 2ರವರೆಗಿನ ಸಂಖ್ಯಾರೇಖೆಯ ಮೇಲೆ 3/4 ಗುರುತಿಸಿ.
5. 12/13 + 7/8 ಯಾವುದಕ್ಕೆ ಹತ್ತಿರ: 1, 2, 19, 21? ಲೆಕ್ಕ ಮಾಡಬಾರದು.

ಎರಡನೆಯದಕ್ಕೆ 1/4 ಎಂದವರು 4 ನ್ನು 3ಕ್ಕಿಂತ ದೊಡ್ಡದೆಂದು ನೋಡಿದ್ದಾರೆ, ತುಂಡನ್ನು ನೋಡಿಲ್ಲ. ನಾಲ್ಕನೆಯದರಲ್ಲಿ ಒಂದೂವರೆಯ ಜಾಗದಲ್ಲಿ ಗುರುತು ಹಾಕಿದವರು ಇಡೀ ಗೆರೆಯ ಮುಕ್ಕಾಲು ತೆಗೆದಿದ್ದಾರೆ; ಅವರಿಗೆ ಭಿನ್ನರಾಶಿ ಇನ್ನೂ ಸಂಖ್ಯೆಯಾಗಿಲ್ಲ, ಚಿತ್ರದ ಭಾಗವಾಗಿಯೇ ಉಳಿದಿದೆ. ಐದನೆಯದು ಹಳೆಯ ಪ್ರಶ್ನೆ. ಅಮೆರಿಕದಲ್ಲಿ 1978ರ ರಾಷ್ಟ್ರೀಯ ಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಇದನ್ನು ಕೊಟ್ಟಾಗ 2 ಎಂದು ಸರಿಯಾಗಿ ಆರಿಸಿದವರು ಶೇ. 24 ಮಾತ್ರ; 19 ಮತ್ತು 21 ಆರಿಸಿದವರು ಅದಕ್ಕಿಂತ ಹೆಚ್ಚು. ನಿಮ್ಮ ತರಗತಿಯ ಫಲಿತಾಂಶ ಕಂಡು ಗಾಬರಿಯಾಗಬೇಕಿಲ್ಲ.

ಉತ್ತರಗಳನ್ನು ಅಂಕದ ಮೇಲೆ ವಿಂಗಡಿಸಬೇಡಿ, ತಪ್ಪಿನ ಬಗೆಯ ಮೇಲೆ ಗುಡ್ಡೆ ಮಾಡಿ. ಮುಂದಿನ ಅವಧಿಗಳಲ್ಲಿ ಯಾರ ಪಕ್ಕ ನಿಲ್ಲಬೇಕು ಎಂಬುದು ಅದರಿಂದ ಗೊತ್ತಾಗುತ್ತದೆ.

ಅವಧಿಗಳ ಹಂಚಿಕೆ

ಪೂರ್ವಪರೀಕ್ಷೆ ಮತ್ತು ಹಂಚುವ ಲೆಕ್ಕಕ್ಕೆ 2, ಪಟ್ಟಿಗಳಿಗೆ 4, ಹಗ್ಗದ ಸಂಖ್ಯಾರೇಖೆಗೆ 3, ಸಮಾನ ಭಿನ್ನರಾಶಿಗೆ 4, ಹೋಲಿಕೆಗೆ 3, ಕೂಡಿಸು–ಕಳೆಗೆ 4. ಸಮ, ವಿಷಮ, ಮಿಶ್ರ ಎಂಬ ವ್ಯಾಖ್ಯೆಗಳಿಗೆ ಪ್ರತ್ಯೇಕ ಅವಧಿ ಇಡಬೇಡಿ. ಹಗ್ಗದ ಮೇಲೆ 1 ನ್ನು ದಾಟಿದ ದಿನ ಹತ್ತು ನಿಮಿಷದಲ್ಲಿ ಮೂರೂ ಹೆಸರು ಕೊಡಬಹುದು.

ಹಂಚುವ ಲೆಕ್ಕ ಎಂದರೆ ಇದು: ನಾಲ್ಕು ಮಕ್ಕಳಿಗೆ ಮೂರು ರೊಟ್ಟಿ, ಸಮವಾಗಿ ಹಂಚಿ. ಕೆಲವರು ಪ್ರತಿ ರೊಟ್ಟಿಯನ್ನೂ ನಾಲ್ಕು ಮಾಡುತ್ತಾರೆ. ಕೆಲವರು ಮೊದಲು ಎಲ್ಲರಿಗೂ ಅರ್ಧ ಕೊಟ್ಟು ಉಳಿದೊಂದನ್ನು ನಾಲ್ಕು ಮಾಡುತ್ತಾರೆ. ಎರಡೂ ಸರಿ, ಎರಡರಲ್ಲೂ ಬರುವುದು ಮುಕ್ಕಾಲು. ಆದರೆ ದುಂಡನೆಯ ರೊಟ್ಟಿ ಇಲ್ಲಿಗೆ ಸಾಕು. ವೃತ್ತವನ್ನು ಮೂರು ಅಥವಾ ಐದು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಮುಂದೆ ಚಿಕ್ಕಿ, ಕೊಬ್ಬರಿ ಮಿಠಾಯಿಯಂಥ ಆಯತಕ್ಕೆ ಬನ್ನಿ. ನಾಲ್ಕಾಣೆ, ಎಂಟಾಣೆಯ ಉದಾಹರಣೆಗಳನ್ನೂ ಬಿಟ್ಟುಬಿಡಿ. 25 ಪೈಸೆ ನಾಣ್ಯ ಚಲಾವಣೆಯಿಂದ ಹೋಗಿದ್ದು 2011ರಲ್ಲಿ. ಈಗಿನ ಮಕ್ಕಳು ಅದನ್ನು ಕಂಡಿಲ್ಲ. ಕಾಲು ಕೆಜಿ ಬೇಳೆ, ಅರ್ಧ ಲೀಟರ್ ಹಾಲು ಕಂಡಿದ್ದಾರೆ.

ಏಳು ಪಟ್ಟಿ

ಒಂದು ಮಗುವಿಗೆ ಒಂದು ಎ4 ಹಾಳೆ. ಅದರ ಉದ್ದ 29.7 ಸೆಂ.ಮೀ., ಅಗಲ 21. ಉದ್ದದಲ್ಲಿ 24 ಸೆಂ.ಮೀ. ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ. ಅಗಲವನ್ನು 3 ಸೆಂ.ಮೀ.ನಂತೆ ಸೀಳಿದರೆ ಏಳು ಪಟ್ಟಿ ಬರುತ್ತವೆ. 24ನ್ನೇ ಹಿಡಿಯಲು ಕಾರಣ, ಅದು 2, 3, 4, 6, 8, 12ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಒಂದು ಪಟ್ಟಿ ಪೂರ್ಣ, ಉಳಿದ ಆರು ಹೀಗೆ:

ಅರ್ಧ – 12 ಸೆಂ.ಮೀ.
ಮೂರನೇ ಒಂದು – 8
ಕಾಲು – 6
ಆರನೇ ಒಂದು – 4
ಎಂಟನೇ ಒಂದು – 3
ಹನ್ನೆರಡನೇ ಒಂದು – 2

ಕತ್ತರಿಸುವ ಕೆಲಸ ಹಿಂದಿನ ದಿನವೇ ಮುಗಿದಿರಲಿ, ಇಲ್ಲವೆಂದರೆ ಇಡೀ ಅವಧಿ ಕತ್ತರಿಗೇ ಹೋಗುತ್ತದೆ. ದಿನಪತ್ರಿಕೆಯ ಕಾಗದ ಬೇಡ, ಎರಡು ಮಡಿಕೆಗೆ ಮೆತ್ತಗಾಗುತ್ತದೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಚೆನ್ನಾಗಿರುತ್ತದೆ.

ಅರ್ಧ, ಕಾಲು, ಎಂಟನೇ ಒಂದನ್ನು ಮಡಚಿಸಿ. ಉಳಿದವನ್ನು ಸ್ಕೇಲಿನಿಂದ ಅಳೆಸಿ. ಮೂರು ಭಾಗ ಮಾಡಿ ಎಂದಾಗ ಅನೇಕ ಮಕ್ಕಳು ಅರ್ಧ ಮಡಚಿ, ಮತ್ತೆ ಅರ್ಧ ಮಡಚಿ ನಾಲ್ಕು ಮಾಡಿ ಕೂರುತ್ತಾರೆ; ‘ಮೂರು ಸಲ ಮಡಚಿದರೆ ಮೂರು ಭಾಗ’ ಎಂದು ಇನ್ನು ಕೆಲವರು ಎಂಟಕ್ಕೆ ಹೋಗುತ್ತಾರೆ. ಬಿಚ್ಚಿ ಎಣಿಸಲು ಹೇಳಿ, ತಿದ್ದಲು ಓಡಬೇಡಿ. ಅಳೆಯುವಾಗ ಇನ್ನೊಂದು ತೊಂದರೆ: ಅಗ್ಗದ ಸ್ಕೇಲುಗಳಲ್ಲಿ ಸೊನ್ನೆಯ ಗೆರೆ ಅಂಚಿನಲ್ಲಿರುವುದಿಲ್ಲ, ಕೆಲವು ಮಿ.ಮೀ. ಒಳಗಿರುತ್ತದೆ. ಅಂಚಿನಿಂದ ಅಳೆದ ಮಗುವಿನ ಮೊದಲ ತುಂಡು ಉದ್ದವಾಗುತ್ತದೆ. 1ರಿಂದ ಅಳೆಯುವವರೂ ಇರುತ್ತಾರೆ.

ಐದನೇ ಒಂದು ಬೇಕಾದಾಗ ಇನ್ನೊಂದು ಪಟ್ಟಿಯಲ್ಲಿ 4.8, 9.6, 14.4, 19.2 ಸೆಂ.ಮೀ.ಗೆ ಗುರುತು ಹಾಕಿಸಿ. ಸುಲಭವೆಂದು 20 ಸೆಂ.ಮೀ. ಪಟ್ಟಿ ಕೊಡಬೇಡಿ. ಪೂರ್ಣದ ಉದ್ದ ಬದಲಾದರೆ ಹೋಲಿಕೆಯೇ ಸುಳ್ಳಾಗುತ್ತದೆ. ದೊಡ್ಡ ಕಲ್ಲಂಗಡಿಯ ಕಾಲು ಭಾಗವೂ ಚಿಕ್ಕದರ ಅರ್ಧವೂ ಒಂದೇ ಆಗಬಹುದು, ಅದರಿಂದ 1/4 = 1/2 ಆಗುವುದಿಲ್ಲ; ಇದನ್ನು ಬಾಯಿಬಿಟ್ಟು ಹೇಳಿ.

ಹಗ್ಗ

ಇಡೀ ಕ್ರಮದಲ್ಲಿ ಒಂದನ್ನೇ ಉಳಿಸಿಕೊಳ್ಳಬಹುದು ಎಂದಾದರೆ ಇದನ್ನು ಉಳಿಸಿಕೊಳ್ಳಿ. 6 ಮೀಟರ್ ಸೆಣಬಿನ ಹುರಿ, 20 ಬಟ್ಟೆ ಕ್ಲಿಪ್ಪು, ಚೀಟಿಗಳು. ನೈಲಾನ್ ಹಗ್ಗ ಎಳೆದಂತೆ ಹಿಗ್ಗುತ್ತದೆ, ಬೇಡ. 0ಯಿಂದ 1ಕ್ಕೆ 2.4 ಮೀಟರ್, 2 ಎಂಬುದು 4.8 ಮೀಟರಿನಲ್ಲಿ. ಆಗ ಅರ್ಧ 120 ಸೆಂ.ಮೀ., ಮೂರನೇ ಒಂದು 80, ಕಾಲು 60, ಐದನೇ ಒಂದು 48, ಆರನೇ ಒಂದು 40, ಎಂಟನೇ ಒಂದು 30, ಹತ್ತನೇ ಒಂದು 24. ಎಲ್ಲವೂ ಪೂರ್ಣ ಸೆಂ.ಮೀ.ನಲ್ಲಿ ಬರುತ್ತವೆ, ಪಟ್ಟಿಯ ಹತ್ತರಷ್ಟು. ಕೋಣೆ ಸಾಲದಿದ್ದರೆ ಜಗಲಿಯಲ್ಲಿ ಕಟ್ಟಿ.

ಮಗು ಚೀಟಿ ತೆಗೆದು ಮೊದಲು ಕಣ್ಣಂದಾಜಿನಲ್ಲಿ ಸಿಕ್ಕಿಸಲಿ, ಆಮೇಲೆ ಅಳೆಯಲಿ. ಈ ಅಂದಾಜೇ ಪಾಠ. ಅಳತೆ ಅದರ ಪರೀಕ್ಷೆ. ನಾಲ್ಕು ಭಾಗ ಮಾಡಲು 0 ಮತ್ತು 1ರ ನಡುವೆ ನಾಲ್ಕು ಕ್ಲಿಪ್ ಹಾಕುವವರು ಸಿಗುತ್ತಾರೆ. ಆಗ ಭಾಗ ಐದಾಗಿರುತ್ತದೆ. ಗುರುತು ಎಣಿಸಬಾರದು, ನಡುವಿನ ಜಾಗ ಎಣಿಸಬೇಕು. ಹೆಜ್ಜೆ ಹಾಕಿ ನಡೆಸಿದರೆ ತಾನೇ ಹೊಳೆಯುತ್ತದೆ. ಕಾಲು, ಎರಡು ಕಾಲು, ಮೂರು ಕಾಲು, ನಾಲ್ಕು ಕಾಲು ಎಂದು ಎಣಿಸುತ್ತಾ ಹೋದರೆ ಐದನೇ ಹೆಜ್ಜೆ 1 ನ್ನು ದಾಟಿ 300 ಸೆಂ.ಮೀ.ನಲ್ಲಿ ನಿಲ್ಲುತ್ತದೆ. 5/4 ಸಿಕ್ಕಿತು, ಒಂದೂಕಾಲೂ ಸಿಕ್ಕಿತು, ಒಂದೇ ಕ್ಲಿಪ್ಪಿಗೆ ಎರಡು ಚೀಟಿ. ವಿಷಮ, ಮಿಶ್ರ ಎಂಬ ಹೆಸರು ಹೇಳುವುದು ಇಲ್ಲಿ.

4 ಮತ್ತು 5ನೇ ತರಗತಿ ಒಟ್ಟಿಗೆ ಕೂರುವ ಶಾಲೆಗಳಲ್ಲೂ ಹಗ್ಗ ಒಂದೇ ಸಾಕು. ಚಿಕ್ಕವರಿಗೆ ಅರ್ಧ, ಕಾಲು, ಎಂಟನೇ ಒಂದರ ಚೀಟಿ. ದೊಡ್ಡವರಿಗೆ 5/6, 7/4.

ಸಮಾನ ಭಿನ್ನರಾಶಿ ಮತ್ತು ಹೋಲಿಕೆ

ಒಂದೇ ಜಾಗಕ್ಕೆ 1/2, 2/4, 3/6, 6/12 ಚೀಟಿಗಳು ಬಂದು ಸೇರಿದಾಗ ಸಮಾನ ಭಿನ್ನರಾಶಿ ಎಂದರೇನೆಂದು ವಿವರಿಸುವ ಅಗತ್ಯ ಉಳಿಯುವುದಿಲ್ಲ. ‘ಮೇಲೆ ಕೆಳಗೆ ಒಂದೇ ಸಂಖ್ಯೆಯಿಂದ ಗುಣಿಸು’ ಎಂಬ ನಿಯಮ ಮೂರನೇ ಅವಧಿಗೆ ಬರಲಿ: ಪ್ರತಿ ತುಂಡನ್ನೂ ಮತ್ತೆ ಮೂರು ಮಾಡಿದರೆ ತುಂಡುಗಳ ಎಣಿಕೆ ಮೂರರಷ್ಟು, ಪ್ರತಿ ತುಂಡಿನ ಅಳತೆ ಮೊದಲಿನದರ ಮೂರನೇ ಒಂದು.

ಹೋಲಿಕೆಗೆ ಅಡ್ಡ ಗುಣಾಕಾರವನ್ನು ಕೊನೆಗೆ ಇಡಿ. ಅದನ್ನು ಮೊದಲು ಕೊಟ್ಟರೆ ಮಕ್ಕಳು ಮತ್ತೆಂದೂ ಸಂಖ್ಯೆಯನ್ನು ನೋಡುವುದಿಲ್ಲ. ಅದಕ್ಕೂ ಮುಂಚೆ ಮೂರು ದಾರಿ ಇವೆ. 3/5 ಮತ್ತು 3/8: ಎಣಿಕೆ ಒಂದೇ, ತುಂಡು ದೊಡ್ಡದಿರುವುದು ದೊಡ್ಡದು. 3/7 ಮತ್ತು 5/9: ಒಂದು ಅರ್ಧಕ್ಕಿಂತ ಕಡಿಮೆ, ಇನ್ನೊಂದು ಹೆಚ್ಚು. 5/6 ಮತ್ತು 7/8: ಎರಡೂ 1ಕ್ಕೆ ಒಂದು ತುಂಡು ಕಡಿಮೆ, ಕಡಿಮೆ ಬಿದ್ದ ತುಂಡು ಚಿಕ್ಕದಿರುವ 7/8 ದೊಡ್ಡದು. ಈ ಮೂರನೆಯದು ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಕೂಡುವುದು

1/2 + 1/3. ಅರ್ಧದ 12 ಸೆಂ.ಮೀ. ತುಂಡು, ಅದರ ತುದಿಗೆ 8 ಸೆಂ.ಮೀ. ತುಂಡು. ಒಟ್ಟು 20. ಇದನ್ನು ಯಾವ ಪಟ್ಟಿಯ ತುಂಡಿನಿಂದ ಶೇಷವಿಲ್ಲದೆ ಅಳೆಯಬಹುದು? ಎಂಟನೇ ಒಂದು, ಅಂದರೆ 3 ಸೆಂ.ಮೀ., ಆಗದು. ಆರನೇ ಒಂದು ಐದು ಸಲ ಹಿಡಿಯುತ್ತದೆ, ಹನ್ನೆರಡನೇ ಒಂದು ಹತ್ತು ಸಲ. 5/6, 10/12, ಎರಡೂ ಒಂದೇ. ಎರಡು ಬೇರೆ ಹೆಸರಿನ ತುಂಡುಗಳಿಗೆ ಒಂದೇ ಹೆಸರು ಹುಡುಕುವುದೇ ಸಮಛೇದ ಮಾಡುವುದು. ಮುಂದೆ 3/4 + 2/3 ಕೊಡಿ: 18 ಮತ್ತು 16, ಒಟ್ಟು 34 ಸೆಂ.ಮೀ.; ಹನ್ನೆರಡನೇ ಒಂದರಂತೆ 17, ಅಂದರೆ 1 5/12.

ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಬರುವುದು ಇದಾದ ಮೇಲೆ, ಕೆಲಸ ಕಡಿಮೆ ಮಾಡುವ ಉಪಾಯವಾಗಿ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಭಿನ್ನರಾಶಿ ಕೂಡಲು ಇದನ್ನೇ ಬಳಸಿದ್ದ. ಅವನು ಕರೆದ ಹೆಸರು ‘ನಿರುದ್ಧ’. ಸಾವಿರ ವರ್ಷದ ಹಿಂದಿನ ನಮ್ಮ ಕಡೆಯವನ ಲೆಕ್ಕ ಎಂದರೆ ಮಕ್ಕಳು ಒಂದು ಕ್ಷಣವಾದರೂ ತಲೆ ಎತ್ತುತ್ತಾರೆ.

1/2 + 1/3 ಕ್ಕೆ 2/5 ಎಂದು ಬರೆದವರ ಉತ್ತರಕ್ಕೆ ಕೆಂಪು ಗೆರೆ ಎಳೆಯಬೇಡಿ, ‘2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?’ ಎಂದು ಕೇಳಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬಂದಿದೆ ಎಂದು ಗೊತ್ತಾದಾಗ ಮಗುವೇ ಅಳಿಸುತ್ತದೆ. ಹಾಗಾಗಿ ಪ್ರತಿ ಲೆಕ್ಕಕ್ಕೂ ಮೊದಲು ಅಂದಾಜು ಬರೆಸಿ: ಅರ್ಧಕ್ಕಿಂತ ಕಡಿಮೆ, ಅರ್ಧ ಮತ್ತು ಒಂದರ ನಡುವೆ, ಅಥವಾ ಒಂದಕ್ಕಿಂತ ಹೆಚ್ಚು. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಈ ಅಂದಾಜಿಗೂ ಒಂದು ಅಂಕ ಇಡಿ. ಅಂಕವಿಲ್ಲದ್ದನ್ನು ಮಕ್ಕಳು ಎರಡನೇ ವಾರಕ್ಕೆ ಬಿಡುತ್ತಾರೆ.

ದಿನದ ಕೊನೆಯ ನಾಲ್ಕು ನಿಮಿಷ ಒಂದೇ ಪ್ರಶ್ನೆ, ಚೀಟಿಯಲ್ಲಿ ಉತ್ತರ. ತಪ್ಪು ಮೂರನೇ ಒಂದಕ್ಕಿಂತ ಹೆಚ್ಚಿದ್ದರೆ ಮರುದಿನ ಮುಂದೆ ಹೋಗಬೇಡಿ.

ಪಟ್ಟಿಗಳನ್ನು ಲಕೋಟೆಯಲ್ಲಿ ಹೆಸರು ಬರೆದು ತೆಗೆದಿಡಿ. ದಶಮಾಂಶಕ್ಕೆ ಹೋದಾಗ 1/4 ನ್ನು 1.4 ಎಂದು ಬರೆಯುವವರಿಗೆ ಮತ್ತೆ ಹಗ್ಗದ ಮೇಲೆ ಎರಡನ್ನೂ ಸಿಕ್ಕಿಸಲು ಹೇಳಬೇಕಾಗುತ್ತದೆ. ಭಾಗಾಕಾರ ಬಂದಾಗ 1/2 ÷ 1/8 ಎಂದರೆ ಅರ್ಧದ ಪಟ್ಟಿಯಲ್ಲಿ ಎಂಟನೇ ಒಂದು ಎಷ್ಟು ಸಲ ಹಿಡಿಯುತ್ತದೆ ಎಂದು ಇಟ್ಟು ನೋಡಲಿ. 12 ಸೆಂ.ಮೀ.ನಲ್ಲಿ 3 ಸೆಂ.ಮೀ. ನಾಲ್ಕು ಸಲ.