ಯೂರಿನ್ ಟೆಸ್ಟ್: ಡಬ್ಬಿ ತುಂಬುವ ಮೊದಲು ಇದನ್ನು ಓದಿ

ಲ್ಯಾಬಿನವರು ಪುಟ್ಟ ಡಬ್ಬಿ ಕೊಟ್ಟು ಬಾತ್‌ರೂಮಿನ ಕಡೆ ಬೆರಳು ತೋರಿಸುತ್ತಾರೆ. ಹೇಗೆ ಹಿಡಿಯಬೇಕು ಅಂತ ಕೇಳಲು ನಮಗೂ ಸಂಕೋಚ. ಎಷ್ಟೋ ಸಲ ರಿಪೋರ್ಟ್ ದಾರಿ ತಪ್ಪುವುದು ಅಲ್ಲೇ.

ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರ ಒಳ್ಳೆಯದು. ರಾತ್ರಿಯಿಡೀ ಒಳಗೆ ನಿಂತು ಗಟ್ಟಿಯಾಗಿರುತ್ತದೆ. ಸೋಂಕಿನ ಸುಳಿವು ಕೊಡುವ ನೈಟ್ರೈಟ್ ತಯಾರಾಗಲು ಬ್ಯಾಕ್ಟೀರಿಯಾಗಳಿಗೆ ಸುಮಾರು 4 ಗಂಟೆ ಬೇಕು. ಬೇಗ ಬರಲಿ ಅಂತ ಲೀಟರ್‌ಗಟ್ಟಲೆ ನೀರು ಕುಡಿದರೆ ಎಲ್ಲವೂ ತೆಳುವಾಗಿ, ಇರುವುದೂ ಕಾಣದೆ ಹೋಗಬಹುದು.

ಮೊದಲು ಕೈ ತೊಳೆಯಿರಿ. ಆಮೇಲೆ ಮೂತ್ರದ್ವಾರದ ಸುತ್ತ ಸ್ವಚ್ಛ ಮಾಡಿಕೊಳ್ಳಿ. ಹೆಂಗಸರು ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಮೊದಲ ಸ್ವಲ್ಪ ಮೂತ್ರವನ್ನು ಹೊರಗೆ ಬಿಡಿ. ಧಾರೆ ನಿಲ್ಲಿಸದೆ ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ಕೊನೆಯದು ಬೇಡ. ಶುರುವಿನ ಮೂತ್ರ ಚರ್ಮದ ಕೋಶ, ಕ್ರಿಮಿಗಳನ್ನು ತೊಳೆದುಕೊಂಡು ಬರುತ್ತದೆ. ಅದು ಸೇರಿದರೆ ಇಲ್ಲದ ಸೋಂಕು ಇದೆ ಅನ್ನಿಸುತ್ತದೆ. ಡಬ್ಬಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ.

ಒಂದೆರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಹೊರಗಿಟ್ಟರೆ ಕ್ರಿಮಿಗಳು ಸುಮ್ನೆ ಕೂರುವುದಿಲ್ಲ, ಹೆಚ್ಚುತ್ತಲೇ ಇರುತ್ತವೆ. ಮುಟ್ಟಿನ ದಿನಗಳಾದರೆ ಮೊದಲೇ ಹೇಳಿ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗುತ್ತಿದ್ದರೂ ಹೇಳಿ. ಮೂತ್ರದಲ್ಲಿ ರಾಸಾಯನಿಕ ಪಟ್ಟಿ ಅದ್ದಿ ನೋಡುವ ಪರೀಕ್ಷೆಯಲ್ಲಿ ಅದು ಸಕ್ಕರೆ, ರಕ್ತ ಎರಡನ್ನೂ ಮರೆಮಾಚಬಲ್ಲದು. ಕಲ್ಚರ್, ಅಂದರೆ ಮೂತ್ರದಲ್ಲಿರುವ ಕ್ರಿಮಿಗಳನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸುವುದಿದ್ದರೆ ಡಾಕ್ಟರನ್ನು ಕೇಳಿಕೊಂಡು, ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಸ್ಯಾಂಪಲ್ ಕೊಡಿ.

ಲ್ಯಾಬಿನಲ್ಲಿ ಬಣ್ಣ ನೋಡುತ್ತಾರೆ, ರಾಸಾಯನಿಕ ಪಟ್ಟಿ ಅದ್ದುತ್ತಾರೆ, ಬೇಕಾದರೆ ಮೈಕ್ರೋಸ್ಕೋಪಿನಲ್ಲಿಡುತ್ತಾರೆ.

ಇನ್ನು ರಿಪೋರ್ಟ್. ನಾನು ಮೊದಲು ನೋಡುವುದು ಎಪಿಥೀಲಿಯಲ್ ಸೆಲ್ಸ್ (ಚರ್ಮ, ಒಳಪದರದ ಕೋಶಗಳು) ಸಾಲನ್ನು. ಅದು ತುಂಬಾ ಇದ್ದರೆ ಸ್ಯಾಂಪಲ್ ಹಿಡಿದದ್ದೇ ಸರಿಯಿಲ್ಲದಿರಬಹುದು. ಆಗ ಪಸ್ ಸೆಲ್ಸ್ (ಸೋಂಕಿದ್ದಾಗ ಹೆಚ್ಚುವ ಬಿಳಿ ರಕ್ತಕಣಗಳು) 5ಕ್ಕಿಂತ ಹೆಚ್ಚಿದೆ ಅಂತ ಗಾಬರಿ ಬೀಳುವ ಮೊದಲು ಇನ್ನೊಮ್ಮೆ ಕೊಡುವುದು ಮೇಲು.

ಮಧುಮೇಹ ಎಂಬ ಹೆಸರೇ ಮೂತ್ರದ ಸಿಹಿಯಿಂದ ಬಂದದ್ದು, ಅಲ್ವಾ? ಆದರೂ ಮೂತ್ರದಲ್ಲಿ ಸಕ್ಕರೆ 'ನಿಲ್' ಅಂತ ನೋಡಿ ನಿರಾಳ ಆಗಬೇಡಿ. ರಕ್ತದಲ್ಲಿ ಸಕ್ಕರೆ ಸುಮಾರು 180 mg/dL ದಾಟಿದ ಮೇಲೆಯೇ ಸಾಮಾನ್ಯವಾಗಿ ಅದು ಮೂತ್ರಕ್ಕೆ ಇಳಿಯುವುದು. ಹಾಗಾಗಿ ರಕ್ತ ಪರೀಕ್ಷೆಯೇ ಬೇಕು. ಪ್ರೋಟೀನ್ ಕಂಡರೆ ಕಿಡ್ನಿ ಕೆಟ್ಟಿತು ಅಂತಲೂ ಅಲ್ಲ. ಜ್ವರ, ಭಾರೀ ವ್ಯಾಯಾಮದ ನಂತರವೂ ತುಸು ಬರುತ್ತದೆ. ಮತ್ತೆ ಮಾಡಿಸಿದಾಗಲೂ ಇದ್ದರೆ ಕಿಡ್ನಿ ಕಡೆ ಗಮನ ಕೊಡಬೇಕು.

ರಕ್ತದ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಮೂತ್ರ ಒಂದೇ ಸಲ ಕೆಂಪಾಗಿ, ನೋವಿಲ್ಲದೆ, ತಾನಾಗಿ ಸರಿಹೋದರೂ ಡಾಕ್ಟರಿಗೆ ತೋರಿಸಿ. ಬೀಟ್‌ರೂಟ್ ತಿಂದದ್ದು ನೆನಪಾದರೆ ಅದನ್ನೂ ಅವರಿಗೇ ಹೇಳಿ.