ಸ್ಕ್ಯಾನಿಂಗ್ ಪ್ರೋಬಿನ ಪವರ್ ತಕ್ಕಡಿಯಲ್ಲಿ ತೂಗಿದ್ದು

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರಗಳ ರಿಪೇರಿ ನನ್ನ ಕೆಲಸ. ಮೈಗೆ ಒತ್ತಿ ಹಿಡಿಯುವ, ಕಿವಿಗೆ ಕೇಳದ ಶಬ್ದ ಬಿಡುವ ಅದರ ತುಂಡೇ ಪ್ರೋಬ್. ಬದಿಯಡ್ಕ ಕಡೆಯ ಸಣ್ಣ ಕ್ಲಿನಿಕ್ಕಿನ ಡಾಕ್ಟರ್ ಒಂದು ದಿನ ಫೋನ್ ಮಾಡಿದರು. "ಪ್ರೋಬ್ ಕೈಗೆ ಬಿಸಿ ತಾಗ್ತದೆ ಮಾರಾಯಾ, ಬಸುರಿಯರ ಹೊಟ್ಟೆಗೆ ಇಡ್ಲಿಕ್ಕೆ ಧೈರ್ಯ ಬರುವುದಿಲ್ಲ."

ಹೋಗಿ ನೋಡಿದೆ. ಪರದೆಯಲ್ಲಿ ಟಿಐ, ಅಂದರೆ ಆ ಶಬ್ದದಿಂದ ಮೈಯೊಳಗೆ ಎಷ್ಟು ಬಿಸಿ ಏರಬಹುದು ಅಂತ ಅಂದಾಜು ಹೇಳುವ ಸಂಖ್ಯೆ, 0.6 ಇತ್ತು. ಬ್ರಿಟನ್ನಿನ ಅಲ್ಟ್ರಾಸೌಂಡ್ ಸೊಸೈಟಿ ಪ್ರಕಾರ ಬಸುರಿಯರಲ್ಲಿ 0.7ರವರೆಗೆ ಸಮಯದ ಮಿತಿ ಇಲ್ಲ, 1 ದಾಟಿದರೆ 30 ನಿಮಿಷ, 2.5 ದಾಟಿದರೆ ಬರೀ 1 ನಿಮಿಷ. ಹಾಗಾದರೆ ಸರಿ ಇದೆ ಅಲ್ವಾ? ಆದರೆ ಆ 0.6 ಅಲ್ಲೇ ಅಳೆದು ಬಂದದ್ದಲ್ಲ. ಕಂಪನಿಯವರು ಮೊದಲೇ ತುಂಬಿಸಿಟ್ಟ ಲೆಕ್ಕದಿಂದ ಯಂತ್ರ ಅದನ್ನು ತೋರಿಸುತ್ತದೆ, ಒಳಗೆ ಬೋರ್ಡ್ ಕೆಟ್ಟು ಜಾಸ್ತಿ ಪವರ್ ಹೋದರೂ ಪರದೆಗೆ ಗೊತ್ತಾಗುವುದಿಲ್ಲ. ಅಳೆಯದೆ ಡಾಕ್ಟರಿಗೆ ಮಾತು ಕೊಡಲು ನನಗೆ ಮನಸ್ಸಾಗಲಿಲ್ಲ.

ಶಬ್ದಕ್ಕೂ ತಳ್ಳುವ ಶಕ್ತಿ ಇದೆ. ನೀರಿನಲ್ಲಿ 1 ವ್ಯಾಟ್ ಶಬ್ದ ಅಂದರೆ ತಕ್ಕಡಿಯಲ್ಲಿ ಸುಮಾರು 68 ಮಿಲಿಗ್ರಾಂ. ಮೊದಲು ಚಿನ್ನದಂಗಡಿಯ ತಕ್ಕಡಿ ತಂದೆ. 1 ಮಿಲಿಗ್ರಾಂ ತೋರಿಸುವಂಥದ್ದು, ಆದರೂ ಎರಡು, ಮೂರು ಅಂತ ಕುಣಿಯುತ್ತಲೇ ಇತ್ತು. ಆಮೇಲೆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಗೆಳೆಯನನ್ನು ಕಾಡಿ 0.1 ಮಿಲಿಗ್ರಾಮಿನ ತಕ್ಕಡಿಯನ್ನೇ ಕ್ಲಿನಿಕ್ಕಿಗೆ ತರಿಸಿದೆ. ಯಂತ್ರವನ್ನು ಲ್ಯಾಬಿಗೆ ಒಯ್ಯಬಹುದಿತ್ತಲ್ಲ ಅಂತ ಕೇಳಬೇಡಿ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾನೂನು ಇರುವಾಗ ಅದನ್ನು ಸುಮ್ನೆ ಹೊರಗೆ ಹೊತ್ತುಕೊಂಡು ಹೋಗುವ ಹಾಗಿಲ್ಲ.

ಕುದಿಸಿ ಆರಿಸಿದ ನೀರನ್ನು ಬೀಕರಿಗೆ ಹಾಕಿ ತಕ್ಕಡಿ ಮೇಲಿಟ್ಟೆ. ಕುದಿಸದಿದ್ದರೆ ಪ್ರೋಬಿನ ಮುಖಕ್ಕೆ ಸಣ್ಣ ಗುಳ್ಳೆ ಕೂತು ಅಳತೆ ಹಾಳಾಗುತ್ತದೆ. ಪ್ರೋಬನ್ನು ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿ, ಮುಖ ಮಾತ್ರ ನೀರಿಗೆ ತಾಗುವ ಹಾಗೆ ಇಳಿಸಿದೆ. ಶಬ್ದ ಹೀರಲು ಬೀಕರಿನ ತಳಕ್ಕೆ ಮನೆಯ ತೋಟದ ರಬ್ಬರ್ ಶೀಟ್ ಹಾಕಿದ್ದೆ, 4 ಮಿಲಿಗ್ರಾಂ ಬಂತು, ಟಿಐ 0.6ಕ್ಕೆ ಬರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಎದೆ ಧಸಕ್ಕೆಂದಿತು. ಕೊನೆಗೆ ನೋಡಿದರೆ ತಪ್ಪು ಶೀಟಿನದ್ದು. ತೆಳು ಶೀಟ್ ದಾಟಿದ ಶಬ್ದ ಗಾಜಿಗೆ ಬಡಿದು ಹಿಂದೆ ಬರುತ್ತಿತ್ತು, ಹಿಂದೆ ಬಂದ ಶಬ್ದ ಇನ್ನೊಂದು ಪಾಲು ತಳ್ಳುತ್ತದೆ. ಲಾರಿ ಟ್ಯೂಬಿನ ಬ್ಯುಟೈಲ್ ತುಂಡುಗಳನ್ನು ನೀರೊಳಗೇ ಒತ್ತಿ ಒಂದರ ಮೇಲೊಂದು ಇಟ್ಟ ಮೇಲೆ ಸಂಖ್ಯೆ ಇಳಿದು ನಿಂತಿತು. ಟಿಐ ಲೆಕ್ಕಕ್ಕೆ ಪ್ರೋಬಿನ ನಡುವಿನ 1 ಸೆಂಟಿಮೀಟರಿನ ಪವರ್ ಮಾತ್ರ ಬೇಕು, ಅದಕ್ಕೆ ಅದೇ ಟ್ಯೂಬಿನಲ್ಲಿ ಕಿಂಡಿ ಕೊರೆದು ಎರಡು ಪದರ ಮಾಡಿ ಮುಖಕ್ಕೆ ಕಟ್ಟಿದ್ದೆ.

ಫ್ಯಾನ್ ಬಂದ್, ಬಾಗಿಲು ಬಂದ್. ನೀರು ಆವಿಯಾಗಿ ತೂಕ ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ, ಹಾಗಾಗಿ ಶಬ್ದ ನಿಲ್ಲಿಸುವ ಫ್ರೀಜ್ ಗುಂಡಿ ಒತ್ತುವುದು, ಬಿಡುವುದು, ಹತ್ತು ಸಲ, ಪ್ರತಿ ಸಲದ ವ್ಯತ್ಯಾಸ ಮಾತ್ರ ಬರೆದುಕೊಂಡೆ. ಸರಾಸರಿ 2.6 ಮಿಲಿಗ್ರಾಂ, ಅಂದರೆ 38 ಮಿಲಿವ್ಯಾಟ್. ಅದನ್ನು ಪ್ರೋಬಿನ ಶಬ್ದದ ಕಂಪನ 3.5 ಮೆಗಾಹರ್ಟ್ಸಿನಿಂದ ಗುಣಿಸಿ, ಟಿಐ ಸೂತ್ರದ 210ರಿಂದ ಭಾಗಿಸಿದರೆ 0.63. ಪರದೆ ಸುಳ್ಳು ಹೇಳಿರಲಿಲ್ಲ.

ಮತ್ತೆ ಬಿಸಿ ಎಲ್ಲಿಂದ? ಟಿಐ ಲೆಕ್ಕದಲ್ಲಿ ಪ್ರೋಬ್ ತಾನೇ ಬಿಸಿಯಾಗುವುದು ಸೇರಿಲ್ಲ. ಬಳಸದಿದ್ದಾಗ ಶಬ್ದವನ್ನು ತಾನೇ ನಿಲ್ಲಿಸುವ ಯಂತ್ರದ ಆಟೋ ಫ್ರೀಜ್ ಯಾರೋ ಆಫ್ ಮಾಡಿಟ್ಟಿದ್ದರು. ಒಬ್ಬರು ಎದ್ದು ಇನ್ನೊಬ್ಬರು ಬರುವವರೆಗೆ ಪ್ರೋಬ್ ಹೋಲ್ಡರಿನಲ್ಲಿ ಚಾಲೂ ಇರುತ್ತಿತ್ತು, ಗಾಳಿಗೆ ಶಬ್ದ ಹೋಗುವುದಿಲ್ಲವಲ್ಲ, ಎಲ್ಲ ಅದರ ತಲೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಅಂಟಿಸಿ 15 ನಿಮಿಷ ಹಾಗೇ ಬಿಟ್ಟೆ, 41 ಡಿಗ್ರಿ. ಗಾಳಿಯಲ್ಲಿ 50, ಮೈಗೆ ತಾಗುವಾಗ 43 ಮಿತಿ. ಮಿತಿಯೊಳಗೇ ಇತ್ತು, ಆದರೂ ಬಸುರಿಯ ಹೊಟ್ಟೆಗೆ ಅಷ್ಟು ಬಿಸಿ ಯಾಕೆ ಇಡಬೇಕು? ಆಟೋ ಫ್ರೀಜ್ 2 ನಿಮಿಷಕ್ಕೆ ಹಾಕಿದೆ. ಡಾಕ್ಟರ್ ಪ್ರೋಬನ್ನು ಅಂಗೈಯಲ್ಲಿ ಹಿಡಿದು ನೋಡಿ, ಹೊರಗೆ ಕಾಯುತ್ತಿದ್ದವರನ್ನು ಒಳಗೆ ಕರೆದರು.